ಆಯಿಯ ಖಾರದ ಕೈ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೊರತು ಖಾರ ಎಲ್ಲಿದೆ ಎಂದು ಉಚ್ಚಂಗೆವ್ವ ಕಂಡಕಂಡವರ ಮುಂದೆ ಹೆಮ್ಮೆಯಿಂದ ಹೇಳುತ್ತ ಬಂದವಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಕಾಯಿಯ ತೊಟ್ಟು ಬಿಡಿಸುವುದೇ ಅವಳ ಕೆಲಸ. ಸಂಜೆ ಕೈಯನ್ನು ಸೆರಗಿಗೆ ಒರೆಸಿಕೊಂಡರೆ ತೊಳೆದಂತೆಯೇ ಲೆಕ್ಕ. ಆದರೆ ಒಂದು ವಾರ ಅವಳ ಕೆಲಸದ ಗೋದಾಮಿಗೆ ಬಂದದ್ದು ಹೊರನಾಡಿನ ಕಾಯಿ, ಅಪ್ಪಟ ಬೆಂಕಿ. ಕೆಂಪಗಿದ್ದದ್ದೆಲ್ಲ ನಮ್ಮದೇ ಎಂದುಕೊಂಡ ಈ ಮಹಾತಾಯಿ, ಮರುದಿನ ಬೆಳಿಗ್ಗೆ ಹಲ್ಲುಜ್ಜಿಸಲೆಂದು ಮೊಮ್ಮಗಳು ಭುವನಾಳ ಬಾಯಿಗೆ ಅದೇ ಬೆರಳು ಹಾಕಿದಳು.

ನಾಲ್ಕು ವರ್ಷದ ಕೂಸು ಓಣಿಯೇ ಒಂದಾಗುವಂತೆ ಕಿರುಚಿತು. ಅಂದಿನಿಂದ ಆ ಬಾಯಿ ಅನ್ನಕ್ಕೆ, ಬೆಲ್ಲಕ್ಕೆ, ಜಗಳಕ್ಕೆ ಧಾರಾಳವಾಗಿ ತೆರೆಯುತ್ತಿತ್ತು. ಬ್ರಷ್ಷು ಕಂಡರೆ ಮಾತ್ರ ತುಟಿ ಬಿಗಿ. ತಾಯಿ ರೋಹಿಣಿ ನಸುಕಿನಲ್ಲೇ ರಾಣೆಬೆನ್ನೂರಿನ ಬಸ್ಸು ಹತ್ತಿ ಕೆಲಸಕ್ಕೆ ಹೋಗುವವಳು. ಅವಳು ಮರಳುವಷ್ಟರಲ್ಲಿ ಕೂಸಿಗೆ ನಿದ್ದೆ. ಹೀಗೇ ಬಿಟ್ಟದ್ದಕ್ಕೆ ಹಿಂದಿನ ದವಡೆ ಹಲ್ಲಿನ ಮೇಲೆ ಕಪ್ಪು ಚುಕ್ಕೆ ಮೂಡಿತು.

"ಕೂಸು ತಾನಾ ತಿಕ್ಕೊಳ್ಳೋದು ಕಲೀಲಿ, ಬ್ಯಾಡ ಅನಬ್ಯಾಡ್ರಿ," ಎಂದರು ಹಲ್ಲಿನ ಡಾಕ್ಟರು. "ಆದ್ರ ಹಿಂದಿನ ಹಲ್ಲಿಗೆ ದೊಡ್ಡವರ ಕೈ ಬೇಕ ಬೇಕು. ಇಲ್ಲಂದ್ರ ಅದನ್ನ ಕೀಳಬೇಕಾಗತೈತಿ."

ಆ ಮನೆಯಲ್ಲಿ ಕೂಸು ಎದ್ದಿರುವ ಹೊತ್ತಿಗೆ ಇದ್ದ ದೊಡ್ಡವರ ಕೈ ಎಂದರೆ ಉಚ್ಚಂಗೆವ್ವನದೊಂದೇ. ಕೊಬ್ಬರಿ ಎಣ್ಣೆ ಹಚ್ಚಿದಳು, ಮಜ್ಜಿಗೆಯಲ್ಲಿ ಅದ್ದಿದಳು, ಸೋಪು ಸವೆಸಿದಳು. ಕೈಯೇನೋ ತಣ್ಣಗಾಯಿತು. ಕೂಸಿಗೆ ಅದನ್ನು ನಂಬಿಸುವವರಾರು?

ಕಡೆಗೆ ತನಗೂ ಒಂದು ಬ್ರಷ್ಷು ತಂದುಕೊಂಡು ಬಚ್ಚಲ ಮುಂದೆ ಕೂತಳು. ಜನ್ಮವಿಡೀ ಇದ್ದಿಲಿನಿಂದ ಹಲ್ಲು ತಿಕ್ಕಿದವಳು. ಕಸಬರಿಗೆ ಹಿಡಿದ ಹಾಗೆ ಬ್ರಷ್ಷು ಹಿಡಿದು ಎಳೆದಾಡಿದಾಗ ನೊರೆ ಮೂಗಿಗೆ ಹತ್ತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭುವನಾಗೆ ನಗು ತಡೆಯಲಾಗಲಿಲ್ಲ.

"ಅಯ್ಯ ಆಯಿ, ಹಂಗಲ್ಲ! ಸಾವಕಾಶ, ಗುಂಡಗ ತಿರುವಬೇಕು. ಅಂಗನವಾಡಿ ಟೀಚರ್ ಹೇಳ್ಯಾರ."

"ನಂಗ ಬರಂಗಿಲ್ಲವ್ವ. ನೀನ ತೋರಿಸು."

ಭುವನಾ ತನ್ನ ಪುಟ್ಟ ಬ್ರಷ್ಷು ತಂದಳು. ಮುಂದಿನ ಹಲ್ಲು, ಮೇಲೆ, ಕೆಳಗೆ, ಕೆನ್ನೆಯ ಒಳಗೆ. ಹುಬ್ಬು ಗಂಟಿಕ್ಕಿ, ತುದಿಗಾಲಲ್ಲಿ ನಿಂತು, ಲೋಕದ ಪರಿವೆಯೇ ಇಲ್ಲದೆ ಉಜ್ಜಿದಳು. ಉಚ್ಚಂಗೆವ್ವ ಬಾಯಲ್ಲಿದ್ದ ನೊರೆಯನ್ನೂ ಮರೆತು ನೋಡಿದಳು. ನಿನ್ನೆ ಮೊನ್ನೆ ಮುಷ್ಟಿ ಬಿಚ್ಚಲೂ ಬಾರದಿದ್ದ ಕೈ ಇದು! ಯಾರೂ ಹಿಡಿಯದೆ, ಯಾರೂ ಗದರದೆ, ಕಣ್ಣಿಗೆ ಕಾಣದ ಹಲ್ಲನ್ನು ಅದು ತಾನಾಗಿ ಹುಡುಕಿಕೊಂಡು ಹೋಗುತ್ತಿತ್ತು. ಇಂಥ ಸೋಜಿಗವನ್ನು ಅವಳು ಯಾವ ಗುಡಿಯಲ್ಲೂ ಕಂಡಿರಲಿಲ್ಲ.

ಬಾಯಿ ಮುಕ್ಕಳಿಸಿ ಉಗುಳಿದ ಭುವನಾ ದವಡೆಯತ್ತ ಬೆರಳು ತೋರಿಸಿದಳು. "ಹಿಂದಿಂದು ನಂಗ ಎಟಕವಲ್ದು," ಎಂದಳು.

ಉಚ್ಚಂಗೆವ್ವನ ಕೈ ತಂತಾನೇ ಬೆನ್ನ ಹಿಂದೆ ಸರಿಯಿತು. ಭುವನಾ ಆ ಕೈಯನ್ನು ಎಳೆದುಕೊಂಡು ಒಂದೊಂದೇ ಬೆರಳು ಮೂಸಿದಳು. ಸಾಲದೆನಿಸಿತೇನೋ, ಕಣ್ಣು ಬಿಗಿಯಾಗಿ ಮುಚ್ಚಿ ತೋರುಬೆರಳಿಗೆ ನಾಲಿಗೆಯ ತುದಿ ತಾಗಿಸಿದಳು. ಮತ್ತೊಮ್ಮೆ ಉರಿಯಬಹುದು ಎಂದು ಗೊತ್ತಿದ್ದೂ ತಾಗಿಸಿದಳು.

"ಖಾರ ಇಲ್ಲ," ಎಂದು ಹೇಳಿ, ಭುವನಾ ತನ್ನ ಬ್ರಷ್ಷನ್ನು ಆ ಕೈಗಿಟ್ಟು ಬಾಯಿ ಅಗಲಿಸಿದಳು.

ಉಚ್ಚಂಗೆವ್ವ ಬ್ರಷ್ಷು ಬದಿಗಿಟ್ಟು ಮತ್ತೊಮ್ಮೆ ಸೋಪು ಹಚ್ಚಿ ಕೈ ತೊಳೆಯತೊಡಗಿದಳು. ಅದು ಮುಗಿಯುವವರೆಗೂ ಕೂಸು ಬಾಯಿ ತೆರೆದುಕೊಂಡೇ ಕಾದಿತು.