ಎರಡು ಶಾಯಿ

"ಇನ್ನೊಂದ್ಸಲ ಹೇಳು," ಎಂದರು ಮೇಷ್ಟ್ರು.

ಹುಡುಗಿ ಮತ್ತೆ ಹೇಳಿದಳು. "ಆ ಸಾಲು ಆಮೇಲೆ ಯಾರೋ ಸೇರಿಸಿದ್ದು, ಸರ್. ಪುಟವೆಲ್ಲ ಕಂದು ಶಾಯಿ, ಅದೊಂದೇ ಕಪ್ಪು. ದೀಪ ಸ್ವಲ್ಪ ಓರೆ ಮಾಡಿ, ನೀವೇ ನೋಡಿ."

ಮೇಷ್ಟ್ರು ನೋಡಲಿಲ್ಲ. ಮೇಜಿನ ಮೇಲಿದ್ದದ್ದು ಹಳೆಯ ಗ್ರೀಕ್ ನಾಟಕವೊಂದರ ಏಕೈಕ ಹಸ್ತಪ್ರತಿ. ಗ್ರಂಥಾಲಯದವರು ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿದ್ದೇ ಮೊನ್ನೆ. ಅಣ್ಣನ ಕತ್ತು ಕೊಯ್ದ ತಮ್ಮ ಹೆಣದ ಮುಂದೆ ಕುಸಿದು 'ಅಯ್ಯೋ, ಏನು ಮಾಡಿಬಿಟ್ಟೆ' ಎನ್ನುವ ಒಂದೇ ಒಂದು ಸಾಲು ಅದರಲ್ಲಿತ್ತು. ಆ ಸಾಲಿನ ಮೇಲೆ ಮೇಷ್ಟ್ರು ಮೂರು ಪುಸ್ತಕ ಬರೆದಿದ್ದರು, ಊರೂರು ಸುತ್ತಿ ಭಾಷಣ ಮಾಡಿದ್ದರು, ಗ್ರೀಕ್-ಲ್ಯಾಟಿನ್ ವಿಭಾಗಕ್ಕೆ ಮುಖ್ಯಸ್ಥರೂ ಆಗಿದ್ದರು. ಅದನ್ನು ತೆಗೆದರೆ ಕೊಲೆಗಾರನಿಗೆ ಪಶ್ಚಾತ್ತಾಪವಿಲ್ಲ, ಮೇಷ್ಟ್ರಿಗೆ ನೆಲೆಯಿಲ್ಲ. ಹುಡುಗಿಯದು ಐದು ವರ್ಷ ದುಡಿದು ಬರೆದ ಪಿಎಚ್.ಡಿ. ಪ್ರಬಂಧ. ಅದಕ್ಕೆ ಸಹಿ ಹಾಕಬೇಕಾದವರೂ ಇವರೇ. ಬಾಯಿ ಮುಚ್ಚಿಕೊಂಡಿದ್ದರೆ ಸಹಿ ಬೀಳುತ್ತಿತ್ತು. ಆದರೆ ಸುಮ್ಮನಿರುವ ಜಾಯಮಾನ ಅವಳದಲ್ಲ.

"ಉಂಡ ಮನೆ ಜಂತೆ ಎಣಿಸ್ತೀಯಾ?"

"ನಾನು ಎಣಿಸ್ತಿಲ್ಲ ಸರ್. ಶಾಯಿ ಕಣ್ಣಿಗೆ ಹೊಡೆಯೋ ಹಾಗೆ ಇದೆ."

ಕೋಪ ಅವರಿಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಹಿಂದೊಮ್ಮೆ ನಿಘಂಟು ಎಸೆದು ಒಬ್ಬನ ಹಲ್ಲು ಉದುರಿಸಿದ್ದನ್ನು ವಿಭಾಗದವರು ಜೋಕು ಮಾಡಿ ಹೇಳುತ್ತಿದ್ದರು. ಎಂಥಾ ಜೋಕೋ ಏನೋ. ಪುಟ ಮೇಲೇಳದಂತೆ ಹೇರಿಟ್ಟಿದ್ದ, ಸೀಸದ ಗುಂಡು ತುಂಬಿದ ಉದ್ದನೆಯ ಬಟ್ಟೆ ಚೀಲವನ್ನು ಕಿತ್ತುಕೊಂಡು ಮೇಷ್ಟ್ರು ಅವಳತ್ತ ಬೀಸಿದರು. ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಹುಬ್ಬು ಸೀಳಿತು. ಮೂರನೆಯದಕ್ಕೆ ಅವಳು ಅಡ್ಡ ಹಿಡಿದ ಕೈ ಲಟಕ್ಕೆಂದಿತು.

ರಕ್ತ ಸುರಿಯತೊಡಗಿದಾಗ ಅವಳು ಮಾಡಿದ ಮೊದಲ ಕೆಲಸ ಮುಖವನ್ನು ಮೇಜಿನಿಂದ ಆಚೆ ತಿರುಗಿಸಿದ್ದು. "ಪುಟ, ಪುಟ" ಎನ್ನುತ್ತ ಮೇಷ್ಟ್ರೂ ಹಸ್ತಪ್ರತಿಗೆ ಮೈ ಅಡ್ಡ ಕೊಟ್ಟರು. ಆ ಹುಬ್ಬಿಗೊಂದು ಬಟ್ಟೆ ಒತ್ತಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಹೊರಗೆ ಗ್ರಂಥಪಾಲಕಿ ಓಡಿಬರುವ ಸದ್ದು ಕೇಳಿಸಿತು. ಮೇಷ್ಟ್ರು ದನಿ ತಗ್ಗಿಸಿದರು. "ಬಿದ್ದೆ ಅನ್ನು. ಆ ಸಾಲಿನ ಮಾತು ಬಿಟ್ಬಿಡು. ಇವತ್ತೇ ಸಹಿ ಹಾಕ್ತೀನಿ."

"ಏನಮ್ಮಾ ಇದು? ಏನಾಯ್ತು?" ಎಂದಳು ಬಾಗಿಲಲ್ಲಿ ನಿಂತ ಗ್ರಂಥಪಾಲಕಿ.

ಸುಳ್ಳು ಹುಡುಗಿಯ ನಾಲಿಗೆಯ ತುದಿಯವರೆಗೂ ಬಂದದ್ದು ನಿಜ. ಐದು ವರ್ಷವೆಂದರೆ ಸುಮ್ಮನೆಯೇ?

"ಸರ್ ಹೊಡೆದ್ರು," ಎಂದಳು. "ಈ ಸಾಲು ಆಮೇಲೆ ಸೇರಿಸಿದ್ದು ಅಂದಿದ್ದಕ್ಕೆ."

ಗ್ರಂಥಪಾಲಕಿ ಕಾವಲುಗಾರನನ್ನು ಕೂಗಿದಳು. ತನ್ನ ಶಾಲನ್ನೇ ಮಡಿಸಿ ಹುಡುಗಿಯ ಹುಬ್ಬಿಗೆ ಒತ್ತಿ, ಹಸ್ತಪ್ರತಿ ಮುಚ್ಚಲು ಇನ್ನೊಂದು ಕೈ ಚಾಚಿದಳು.

"ಮುಚ್ಚಬೇಡಿ," ಎಂದರು ಮೇಷ್ಟ್ರು. ದೀಪ ಓರೆ ಮಾಡಿ ಬಗ್ಗಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಹೌದು, ಕಪ್ಪು," ಎಂದರು ಕೊನೆಗೆ. "ಇಪ್ಪತ್ತೆಂಟು ವರ್ಷ ನಾನು ನೋಡಿದ್ದು ಇದರ ಫೋಟೋ. ಅದರಲ್ಲಿ ಎಲ್ಲಾ ಶಾಯಿನೂ ಒಂದೇ ಥರ ಕಾಣೋದು."

ಹುಡುಗಿ ಮುರಿದ ಕೈಯನ್ನು ಎದೆಗೆ ಅವಚಿಕೊಂಡು ಬಾಗಿಲವರೆಗೆ ಹೋಗಿ ನಿಂತಳು. ತನ್ನ ಕಡೆಗೂ ಒಂದು ಮಾತು ಬರಬಹುದೆಂದು ಕಾದಳು.

ಮೇಷ್ಟ್ರು ತಲೆಯೆತ್ತದೆ ಗ್ರಂಥಪಾಲಕಿಯತ್ತ ಕೈ ಚಾಚಿದರು.

"ಭೂತಗನ್ನಡಿ ಇದ್ರೆ ಕೊಡಿ."