ಕೋಚ್ ಕಲಿಸಿದ ಉತ್ತರ

"ಎಡಕ್ಕೆ ಕಣಯ್ಯಾ, ಎಡಕ್ಕೆ! ಸತ್ತವರನ್ನ ಊರೆಲ್ಲಾ ಮೆರವಣಿಗೆ ಮಾಡಿಸ್ತೀಯಾ?" ಎಂದು ಹಿಂದಿನಿಂದ ಕ್ಲೀವ್ ಪಿಸುಗುಟ್ಟಿದ.

ಶವಪೆಟ್ಟಿಗೆಯ ಮುಂದಿನ ಹಿಡಿಕೆ ಹಿಡಿದಿದ್ದ ವೆಂಡೆಲ್ ಬೆಚ್ಚಿಬಿದ್ದು ಎಡಕ್ಕೆ ತಿರುಗಿದ. ಅಪ್ಪ ಅಮ್ಮ ಇಬ್ಬರನ್ನೂ ಅವನು ಹೂತದ್ದು ಚರ್ಚಿನ ಹಿಂದಿನ ಇದೇ ಸ್ಮಶಾನದಲ್ಲಿ. ಕಣ್ಣು ಕಟ್ಟಿ ಬಿಟ್ಟರೂ ದಾರಿ ಗೊತ್ತಿರಬೇಕಾದ ಜಾಗ. ಆದರೆ ಆ ಗಳಿಗೆಯಲ್ಲಿ ಎತ್ತ ಹೋಗಬೇಕೆಂಬುದೇ ಅವನ ತಲೆಯಿಂದ ಅಳಿಸಿಹೋಗಿತ್ತು. ಅಲಬಾಮಾದ ಬಿಸಿಲಿನಲ್ಲೂ ಬೆನ್ನು ತಣ್ಣಗಾಯಿತು. ಹೀಗಾಗುತ್ತಿರುವುದು ಈ ತಿಂಗಳಲ್ಲಿ ನಾಲ್ಕನೆಯ ಸಲ. ಹೆಂಡತಿಗೂ ಹೇಳಿರಲಿಲ್ಲ.

ಪೆಟ್ಟಿಗೆಯೊಳಗಿದ್ದವರು ಕೋಚ್ ಒಡೆಲ್ ಪ್ರುಯಿಟ್. ಕಾಲೇಜಿನ ದಿನಗಳಲ್ಲಿ ಅಮೆರಿಕನ್ ಫುಟ್ಬಾಲಿನ ಆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದರೆಂದರೆ, ಮೂರು ಜನ ಬೆನ್ನಿಗೆ ಜೋತುಬಿದ್ದರೂ ನಿಲ್ಲದ ಆಸಾಮಿ. ಆಮೇಲೆ ಆರು ವರ್ಷ ಸಂಬಳಕ್ಕೆ ಆಡಿದರು. ಮಂಡಿ ಕೈಕೊಟ್ಟಿತು. ಊರಿಗೆ ಬಂದು ಮೂವತ್ತೊಂದು ವರ್ಷ ಹೈಸ್ಕೂಲು ತಂಡಕ್ಕೆ ಆಟ ಕಲಿಸಿದರು. ಪೆಟ್ಟಿಗೆ ಹೊತ್ತ ಆರೂ ಜನ ಅವರ ಕೈಯಲ್ಲಿ ಪಳಗಿದವರೇ.

ಮಣ್ಣು ಹಾಕಿ ಬಂದ ಮೇಲೆ ವೆಂಡೆಲ್ ಜೇಬು ತಡಕಿದ. ಟ್ರಕ್ಕಿನ ಕೀಲಿ ಇಲ್ಲ! ಇನ್ನೊಂದು ಜೇಬಿನಲ್ಲೂ ಇಲ್ಲ.

*

ಹದಿನೇಳರ ವೆಂಡೆಲ್ ಮೈದಾನದ ಅಂಚಿನಲ್ಲಿ ಮಂಡಿಯೂರಿದ್ದ. ಎದುರಾಳಿಯ ಹೆಲ್ಮೆಟ್ಟಿಗೆ ಇವನ ಹೆಲ್ಮೆಟ್ಟು ಬಡಿದು ಕಿವಿ ಗುಂಯ್‌ಗುಡುತ್ತಿತ್ತು. ತಲೆ ನೆಟ್ಟಗಿದೆಯೇ ಎಂದು ನೋಡಲು ಕೋಚ್ ಬಂದು ಕೈಯೆತ್ತಿದರು.

"ಎಷ್ಟು ಬೆರಳೋ?"

ವೆಂಡೆಲ್‌ಗೆ ಕೈಯೇ ಕಾಣುತ್ತಿರಲಿಲ್ಲ. "ಎರಡು, ಸರ್!"

"ಭಲೇ ಮಗನೇ! ನಡಿ ಒಳಗೆ."

ಕೋಚ್ ಯಾವತ್ತೂ ಎರಡೇ ತೋರಿಸುತ್ತಿದ್ದರು. ಅದು ತಂಡಕ್ಕೆಲ್ಲ ಗೊತ್ತು. ತಂಡಕ್ಕೆ ಗೊತ್ತೆಂದು ಕೋಚ್‌ಗೂ ಗೊತ್ತು. ಆಟ ಬಿಟ್ಟು ಹೊರಗೆ ಕೂರುವುದಕ್ಕಿಂತ ದೊಡ್ಡ ಅವಮಾನ ಅವರ್ಯಾರಿಗೂ ಗೊತ್ತಿರಲಿಲ್ಲ.

*

ಚರ್ಚಿನ ನೆಲಮಾಳಿಗೆಯಲ್ಲಿ ಶವಸಂಸ್ಕಾರದ ಊಟ: ಕರಿದ ಕೋಳಿ, ಸಿಹಿ ಚಹಾ. ಕೋಚ್‌ರ ಹೆಂಡತಿ ಲೊರೀನ್ ಅಲ್ಲಿನ ಅಡುಗೆಮನೆಯಿಂದ ಬಂದು ಹಳೇ ಆಟಗಾರರ ಮೇಜಿನಲ್ಲಿ ಕೂತರು. ಒಂದು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

"ಮೊದಲು ಕಳೆದಿದ್ದು ಅವರ ಸೀಟಿ," ಎಂದರು. "ಮೂರು ದಿನ ಹುಡುಕಿದ್ವಿ. ಕೊನೆಗೆ ನೋಡಿದ್ರೆ ಫ್ರಿಜ್ಜಲ್ಲಿ, ಬೆಣ್ಣೆ ಪಕ್ಕ! ನಾನು ಬಿದ್ದೂ ಬಿದ್ದೂ ನಕ್ಕೆ ಕಣ್ರೋ. ನಗಬಾರದಿತ್ತು."

ಲೊರೀನ್ ಇನ್ನೊಂದು ಕೈಯಿಂದ ಮೇಜಿನ ಬಟ್ಟೆಯ ಸುಕ್ಕು ಸರಿಪಡಿಸಿದರು.

"ಆಮೇಲಾಮೇಲೆ ನನ್ನನ್ನೇ ನೋಡಿ, 'ಯಾರಮ್ಮಾ ನೀನು, ಯಾರ ಮನೆಗೆ ಬಂದೆ?' ಅಂತಿದ್ರು. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳ ಫಲ ಅಂತೆ. ಡಾಕ್ಟರು ಎಷ್ಟು ಬೆರಳು ಅಂತ ಕೇಳಿದ್ರೆ ಮಾತ್ರ ಥಟ್ಟಂತ 'ಎರಡು!' ಐದೂ ತೋರಿಸಿದ್ರೂ ಎರಡೇ. ಹೆಂಗೆ ಯಾಮಾರಿಸಿದೆ ಅಂತ ನನ್ನ ಕಡೆ ಕಣ್ಣು ಹೊಡೆಯೋರು."

ವೆಂಡೆಲ್ ಕೋಳಿಯ ತುಂಡನ್ನು ತಟ್ಟೆಗೆ ವಾಪಸ್ಸಿಟ್ಟ. ಮೇಜಿನ ಕೆಳಗೆ ಮತ್ತೆ ಜೇಬು ತಡಕಿದ.

"ಏನೋ, ಮುಖ ಸುಣ್ಣ ಬಳಿದಂಗಾಗಿದೆ?" ಎಂದ ಕ್ಲೀವ್.

"ಏನಿಲ್ಲ. ಸೆಕೆ ಅಷ್ಟೇ."

ಲೊರೀನ್ ಮಡಿಲಿನಿಂದ ಕೈಯೆತ್ತಿ ಹಿಡಿದರು. "ಎಷ್ಟು?"

"ಎರಡು!"

ಆರೂ ಜನ ಒಟ್ಟಿಗೆ ಕೂಗಿದ್ದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ವೆಂಡೆಲ್. ಮೇಜಿನ ಸುತ್ತ ನಗು ಎದ್ದಿತು. ನಗುತ್ತಲೇ ಒಬ್ಬೊಬ್ಬರಾಗಿ ಆ ಕೈಯ ಕಡೆ ನೋಡಿದರು. ಒಂದು ಬೆರಳೂ ಎದ್ದಿರಲಿಲ್ಲ. ಅದು ಬಿಗಿ ಮುಷ್ಟಿ.

ನಗು ನಿಂತಿತು. ಲೊರೀನ್ ವೆಂಡೆಲ್‌ನ ಮುಂದೆ ಮುಷ್ಟಿ ಬಿಚ್ಚಿದರು. ಟ್ರಕ್ಕಿನ ಕೀಲಿ.

"ಇಲ್ಲಿನ ಫ್ರಿಜ್ಜಲ್ಲಿತ್ತು ಕಂದ," ಎಂದರು ಮೆಲ್ಲಗೆ. "ಬೆಳಿಗ್ಗೆ ನೀನೇ ತಂದಿಟ್ಟ ಮೊಟ್ಟೆ ತಟ್ಟೆ ಪಕ್ಕ. ಈಗಷ್ಟೇ ಸಿಕ್ತು. ಎಷ್ಟು ದಿನದಿಂದ ಹೀಗೆ?"

ಏನಿಲ್ಲ ಎನ್ನಲು ವೆಂಡೆಲ್ ಬಾಯಿ ತೆರೆದ. ಮತ್ತೆ ಮುಚ್ಚಿದ. ಕೀಲಿ ತೆಗೆದುಕೊಂಡ. ಫ್ರಿಜ್ಜಿನ ತಂಪಿಗೆ ಅದು ಇನ್ನೂ ಒದ್ದೆಯಾಗಿತ್ತು. ಜೇಬಿಗೆ ಹಾಕಲಿಲ್ಲ, ಕ್ಲೀವ್‌ನ ತಟ್ಟೆಯ ಕಡೆ ಸರಿಸಿದ.

"ನೀನೇ ಓಡಿಸೋ," ಎಂದ.

ಕೀಲಿ ಸರಿದಷ್ಟುದ್ದಕ್ಕೂ ಮೇಜಿನ ಬಟ್ಟೆಯ ಮೇಲೆ ಒಂದು ಒದ್ದೆ ಗೆರೆ ಉಳಿಯಿತು.