ಇಪ್ಪತ್ತಾರು ಸೊನ್ನೆ

2025ರ ಜನವರಿ 21, ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಹಂಸಭಾವಿಗೆ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾಗರತ್ನಾ, ಕಂಪ್ಯೂಟರಿನಲ್ಲಿ ನಡೆದ ವಿಜ್ಞಾನ ಪರೀಕ್ಷೆಯ ಫಲಿತಾಂಶವನ್ನು ಮೂರನೆಯ ಸಲ ಓದಿದಳು. ಒಂಬತ್ತನೆಯ ತರಗತಿಯ ನೀಲಾಂಬಿಕಾಗೆ ನಲವತ್ತಕ್ಕೆ ಹದಿಮೂರು.

ಧಾರವಾಡದ ವಿಜ್ಞಾನ ಶಿಬಿರಕ್ಕೆ ಶಾಲೆಗೆ ಸಿಕ್ಕಿದ್ದು ಒಂದೇ ಜಾಗ. ಈ ಪರೀಕ್ಷೆಯಲ್ಲಿ ಮೊದಲು ಬಂದವರ ಹೆಸರನ್ನು ಸಂಜೆ ಐದರೊಳಗೆ ಕಳಿಸಬೇಕಿತ್ತು. ಮೂವತ್ತೊಂದು ಅಂಕ ಪಡೆದ ಪ್ರಶಾಂತ ಎಲ್ಲರಿಗಿಂತ ಮುಂದಿದ್ದ. ಕಾಗದದ ಪರೀಕ್ಷೆಯಲ್ಲಿ ನೀಲಾಂಬಿಕಾ ಅವನಿಗೆ ಒಮ್ಮೆಯೂ ಸೋತವಳಲ್ಲ. ಕಂಪ್ಯೂಟರಿಗೆ ಹೆದರಿದಳು ಅನ್ನೋಣವೆಂದರೆ, ತರಗತಿಯಲ್ಲಿ ಸರಾಗವಾಗಿ ಟೈಪು ಮಾಡುವವಳು ಅವಳೊಬ್ಬಳೇ. ಓಣಿಯವರ ಅರ್ಜಿಗಳನ್ನೆಲ್ಲ ಮೊಬೈಲಿನಲ್ಲಿ ತುಂಬಿಕೊಡುತ್ತಿದ್ದಳೆಂದು ಹುಡುಗರು ಅವಳಿಗೆ ಮೊಬೈಲ್ ಮೇಡಂ ಎಂದೇ ಹೆಸರಿಟ್ಟಿದ್ದರು.

ಅಂಕ ತಿಳಿದ ಮೇಲೆ ಪ್ರಶಾಂತ ವರಾಂಡದಲ್ಲಿ, "ಮೊಬೈಲ್ ಮೇಡಂಗ ಇವತ್ತ ನೆಟ್‌ವರ್ಕ್ ಸಿಕ್ಕಿಲ್ಲ ನೋಡ್ರಲೇ" ಅಂದದ್ದು ಒಳಗೂ ಕೇಳಿಸಿತ್ತು.

ನಾಗರತ್ನಾ ಒಂದೊಂದು ಪ್ರಶ್ನೆಯ ಅಂಕವನ್ನೂ ಬೇರೆಬೇರೆಯಾಗಿ ತೆಗೆದು ನೋಡಿದಳು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕಿದ್ದ ಹದಿನಾಲ್ಕು ಪ್ರಶ್ನೆಗಳಲ್ಲಿ ಹದಿಮೂರು ಸರಿ. ಲೆಕ್ಕ ಮಾಡಿ ಸಂಖ್ಯೆಯನ್ನು ಟೈಪು ಮಾಡಬೇಕಿದ್ದ ಇಪ್ಪತ್ತಾರಕ್ಕೆ ಇಪ್ಪತ್ತಾರೂ ಸೊನ್ನೆ. ಅವಳಿಗೆ ಅಲ್ಲೇ ಅನುಮಾನ ಬಂತು. ಪುಸ್ತಕ ಮುಟ್ಟದ ಮಗುವಿಗೂ ಒಂದೆರಡು ಅಂಕ ಬಿದ್ದಾವು. ಲೆಕ್ಕ ತಪ್ಪಿದ್ದರೆ ಅಲ್ಲೊಂದು ಇಲ್ಲೊಂದು ತಪ್ಪಬೇಕು. ಎಲ್ಲವೂ ತಪ್ಪಿದ್ದರೆ ಎಲ್ಲಕ್ಕೂ ಒಂದೇ ಕಾರಣ ಇರಬೇಕು.

ಉತ್ತರಗಳನ್ನು ಮುದ್ರಿಸಿ ನೋಡಿದಾಗ ಆ ಕಾರಣ ಕಾಣಿಸಿತು. ನೀಲಾಂಬಿಕಾ 36 ಎಂದು ಬರೆದಿರಲಿಲ್ಲ, ೩೬ ಎಂದು ಬರೆದಿದ್ದಳು. ಯಂತ್ರಕ್ಕೆ ಅದು ಸಂಖ್ಯೆಯೇ ಆಗಿರಲಿಲ್ಲ.

ಹುಡುಗಿಯನ್ನು ಕರೆಸಿ, ಕನ್ನಡ ಅಂಕಿ ಯಾಕೆಂದು ಕೇಳಿದಳು.

"ಪ್ರಶ್ನೆ ಕನ್ನಡದಾಗ ಇದ್ವಲ್ರಿ ಅಕ್ಕೋರ, ಅದಕ್ಕ ಕೀಬೋರ್ಡ್ ಕನ್ನಡಕ್ಕ ತಿರುವಿದೆ. ಮನ್ಯಾಗೂ ಹಂಗ ಬರೀತೇನ್ರಿ. ನಮ್ಮವ್ವಗ ಅವ ಅಂಕಿ ಅಷ್ಟ ಗೊತ್ತು."

ತಾಯಿ ಗುತ್ತೆವ್ವ ದೊಡ್ಡವಳಾದ ಮೇಲೆ ಸಾಕ್ಷರತಾ ತರಗತಿಯಲ್ಲಿ ಓದು ಕಲಿತವಳು. ಮಗಳು ಮೊಬೈಲಿಗೆ ಕಳಿಸುವ ಬಸ್ಸಿನ ವೇಳೆಯನ್ನು ಅವಳು ಓದಬೇಕಾದರೆ ಅಂಕಿ ಕನ್ನಡದಲ್ಲೇ ಇರಬೇಕು. ಉಳಿದ ಮಕ್ಕಳಿಗೆ ಕೀಬೋರ್ಡಿನ ಭಾಷೆ ಬದಲಿಸಲು ಬರುತ್ತಿರಲಿಲ್ಲ. ಇದ್ದ ಹಾಗೆಯೇ ಗುಂಡಿ ಒತ್ತಿ ಪಾರಾಗಿದ್ದರು. ಬದಲಿಸಬಲ್ಲವಳು ಸಿಕ್ಕಿಬಿದ್ದಿದ್ದಳು.

ಮುಖ್ಯೋಪಾಧ್ಯಾಯ ಮಹಾಲಿಂಗಪ್ಪ ಮೊದಲು ಒಪ್ಪಲಿಲ್ಲ. ಯಂತ್ರ ಕೊಟ್ಟ ಅಂಕ ಬದಲಿಸಿದರೆ ನಾಳೆ ಪ್ರಶಾಂತನ ತಂದೆ ಬಂದು ನಿಲ್ಲುತ್ತಾರೆ, ಅವರಿಗೆ ಏನು ಹೇಳಲಿ ಎಂದರು. ಯಾವ ಅಂಕಿಯಲ್ಲಿ ಬರೆಯಬೇಕೆಂದು ಪ್ರಶ್ನೆಪತ್ರಿಕೆಯಲ್ಲಿ ಎಲ್ಲಿಯೂ ಹೇಳಿಲ್ಲ ಎಂಬುದನ್ನು ನಾಗರತ್ನಾ ತೋರಿಸಿದಳು. ಹುಡುಗಿಯ ಮೇಲಿನ ಅಕ್ಕರೆಯಿಂದ ತಾನು ತಪ್ಪನ್ನೂ ಸರಿ ಅಂದುಬಿಡಬಹುದು; ಆದ್ದರಿಂದ ಅವರೇ ತಿದ್ದಲಿ, ಪ್ರಶಾಂತನ ಹಾಳೆಯನ್ನೂ ಹಾಗೆಯೇ ತಿದ್ದಲಿ ಎಂದು ಎರಡನ್ನೂ ಮುಂದಿಟ್ಟಳು.

ಮಹಾಲಿಂಗಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ಹಾಳೆ ನೋಡಿದರು.

"ನಾ ಮಗ್ಗಿ ಕಲ್ತಿದ್ದು ಇವ ಅಂಕಿಯಾಗ್ರಿ ಅಕ್ಕೋರ. ಇವು ತಪ್ಪು ಅಂದ್ರ ನಾನೂ ಫೇಲ್ ಆದಂಗ."

ಕೆಂಪು ಪೆನ್ನು ಕೈಗೆತ್ತಿಕೊಂಡರು. ಪ್ರಶಾಂತನ ಅಂಕ ಮೂವತ್ತೊಂದರಲ್ಲೇ ನಿಂತಿತು. ನೀಲಾಂಬಿಕಾಗೆ ಅವನನ್ನು ದಾಟಲು ಇಪ್ಪತ್ತಾರರಲ್ಲಿ ಹತ್ತೊಂಬತ್ತು ಸರಿ ಬೇಕಿತ್ತು. ಏಳನೆಯದಕ್ಕೆ ತಪ್ಪು ಗುರುತು ಬಿತ್ತು, ಹದಿನೈದನೆಯದಕ್ಕೆ ಇನ್ನೊಂದು. ನಾಗರತ್ನಾ ಗೋಡೆಯ ಕಡೆ ಮುಖ ಮಾಡಿ ಕೂತಳು.

ನಾಲ್ಕು ಗಂಟೆ ಐವತ್ತು ನಿಮಿಷಕ್ಕೆ ನೀಲಾಂಬಿಕಾಳ ಹೆಸರು ಹೋಯಿತು. ಯಂತ್ರದ ಅಂಕ, ಕೈಯಿಂದ ತಿದ್ದಿದ ಅಂಕ, ತಿದ್ದಿದ ಕಾರಣ ಮೂರನ್ನೂ ಮಹಾಲಿಂಗಪ್ಪ ತಮ್ಮ ಸಹಿಯೊಂದಿಗೆ ಬರೆದಿದ್ದರು. ಕೈಯಿಂದ ತಿದ್ದಿದಾಗ ಬಂದದ್ದು ನಲವತ್ತಕ್ಕೆ ಮೂವತ್ತೇಳು.